ಕೂಗದ ಹಾರನ್: ದೋಷ ಹುಡುಕುವ ಬಗೆ



ಘಾಟಿ ರಸ್ತೆಯ ತಿರುವುಗಳಲ್ಲಿ ಹಾರನ್ ಮಾಡಲು ಸೂಚಿಸುವ ಫಲಕಗಳನ್ನು ನೀವು ನೋಡಿರಬಹುದು. ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣದ ಕಡೆ ಸದ್ದೊಂದೇ ನಮ್ಮ ಇರವನ್ನು ತಿಳಿಸುತ್ತದೆ. ಅಂಥ ಜಾಗದಲ್ಲಿ ಹಾರನ್ ಕೈಕೊಟ್ಟರೆ ಅಪಾಯ ತಪ್ಪಿದ್ದಲ್ಲ. ಆದರೆ ಹಾರನ್ ಕೂಗಲಿಲ್ಲವೆಂದು ಹಳೆಯದನ್ನು ಎಸೆದು ಹೊಸದನ್ನು ಹಾಕಿದರೆ, ಎಷ್ಟೋ ಬಾರಿ ಹೊಸದೂ ಕೂಗುವುದಿಲ್ಲ. ಏಕೆಂದರೆ ದೋಷವಿದ್ದದ್ದು ಹಾರನ್‌ನಲ್ಲಲ್ಲ, ಅದಕ್ಕೆ ವಿದ್ಯುತ್ತು ಬರುವ ದಾರಿಯಲ್ಲಿ. ಆ ದಾರಿಯನ್ನು ಕ್ರಮವಾಗಿ ಪರೀಕ್ಷಿಸುವುದು ಹೇಗೆಂದು ತಿಳಿಯೋಣ. ಪ್ರೌಢಶಾಲೆಯ ಭೌತವಿಜ್ಞಾನವೇ ಇದಕ್ಕೆ ಸಾಕು.

ಹಾರನ್ ಕೂಗುವುದು ಹೇಗೆ?

ವಿದ್ಯುತ್ ಗಂಟೆಯ ಪಾಠವನ್ನು ನೆನಪಿಸಿಕೊಳ್ಳಿ. ಸ್ಕೂಟರು, ಕಾರುಗಳ ಸಾಮಾನ್ಯ ಹಾರನ್ನಿನದೂ ಅದೇ ತತ್ತ್ವ. ಒಳಗೆ ತಾಮ್ರದ ತಂತಿಯ ಸುರುಳಿ, ಅದರ ಎದುರಿಗೆ ಡಯಾಫ್ರಮ್ ಎಂಬ ತೆಳುವಾದ ಉಕ್ಕಿನ ತಗಡು, ತಗಡಿನ ನಡುವೆ ಒಂದು ಕಬ್ಬಿಣದ ತುಂಡು ಇರುತ್ತವೆ. ಗುಂಡಿ ಒತ್ತಿದಾಗ ಸುರುಳಿಯು ವಿದ್ಯುತ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆಯುತ್ತದೆ. ಜೊತೆಗೆ ತಗಡೂ ಬಾಗುತ್ತದೆ. ಆದರೆ ಹೀಗೆ ಸರಿದ ತುಂಡು ಒಳಗಿನ ಪಾಯಿಂಟುಗಳನ್ನು ಬೇರ್ಪಡಿಸಿ ವಿದ್ಯುತ್ ಪ್ರವಾಹವನ್ನು ತಾನೇ ತಡೆಯುತ್ತದೆ. ಕಾಂತಶಕ್ತಿ ಹೋಗಿ ತಗಡು ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟುಗಳು ಮತ್ತೆ ಕೂಡುತ್ತವೆ. ಇದು ಸೆಕೆಂಡಿಗೆ ಸುಮಾರು 400 ಬಾರಿ ನಡೆಯುತ್ತದೆ. ತಗಡಿನ ಈ ಕಂಪನವೇ ನಾವು ಕೇಳುವ ಸದ್ದು.

ಇನ್ನು ವಿದ್ಯುತ್ತಿನ ದಾರಿ. ಬ್ಯಾಟರಿಯಿಂದ ಹೊರಟ ಪ್ರವಾಹ ಫ್ಯೂಸನ್ನು ಹಾದು ಹಾರನ್ನಿಗೆ ಬಂದು, ಬಹುಪಾಲು ವಾಹನದ ಲೋಹದ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಅರ್ತ್’ ಎನ್ನುತ್ತಾರೆ. ಕಾರುಗಳಲ್ಲಿ ಸಾಮಾನ್ಯವಾಗಿ ನಡುವೆ ರಿಲೇ ಇರುತ್ತದೆ. ಗುಂಡಿಯ ಅಲ್ಪ ಪ್ರವಾಹ ರಿಲೇಯನ್ನು ನಡೆಸುತ್ತದೆ. ರಿಲೇ ಹಾರನ್ನಿನ ಹೆಚ್ಚಿನ ಪ್ರವಾಹವನ್ನು ಬಿಡುತ್ತದೆ. ಅನೇಕ ದ್ವಿಚಕ್ರ ವಾಹನಗಳಲ್ಲಿ ರಿಲೇ ಇರುವುದಿಲ್ಲ. ಗುಂಡಿಯೇ ಆ ಕೆಲಸ ಮಾಡುತ್ತದೆ.

ಸದ್ದೇ ಇಲ್ಲದಿದ್ದರೆ

ಮೊದಲು ಫ್ಯೂಸ್ ನೋಡಿ. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಬದಲಿಗೆ ತಂತಿಯನ್ನೋ ಸಿಗರೇಟು ಪೊಟ್ಟಣದ ಹಾಳೆಯನ್ನೋ ತುರುಕಿದರೆ ವಯರು ಕಾದು ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದು ತಿಳಿಯಿರಿ.

ಫ್ಯೂಸ್ ಸರಿಯಿದ್ದರೆ, ದಾರಿಯನ್ನು ಎರಡು ಭಾಗ ಮಾಡಿ ಪರೀಕ್ಷಿಸಿ. ಹಾರನ್ನಿನ ಎರಡೂ ವಯರುಗಳನ್ನು ಕಳಚಿ, ಅವುಗಳ ನಡುವೆ 12 ವೋಲ್ಟಿನ ಬಲ್ಬನ್ನು ಜೋಡಿಸಿ, ಗೆಳೆಯನೊಬ್ಬನಿಗೆ ಗುಂಡಿ ಒತ್ತಲು ಹೇಳಿ. ಒಂದೇ ವಯರಿನ ಹಾರನ್ ಆಗಿದ್ದರೆ, ಬಲ್ಬಿನ ಇನ್ನೊಂದು ತುದಿಯನ್ನು ಹಾರನ್ ಕೂರಿಸಿದ ಬೋಲ್ಟಿಗೆ ತಾಗಿಸಿ. ಬಲ್ಬು ಚೆನ್ನಾಗಿ ಬೆಳಗಿದರೆ ವಿದ್ಯುತ್ತು ಬರುತ್ತಿದೆ. ಹಾರನ್ನಿನ ಒಳಗೇ ದೋಷವಿರುವ ಸಂಭವ ಹೆಚ್ಚು. ಬೆಳಗದಿದ್ದರೆ ಹಾರನ್ ನಿರಪರಾಧಿಯಾಗಿರಬಹುದು, ದಾರಿಯನ್ನೇ ಹುಡುಕಬೇಕು. ರಿಲೇ ಇದ್ದಲ್ಲಿ ಕಿವಿಗೊಟ್ಟು ಕೇಳಿ. ಗುಂಡಿ ಒತ್ತಿದಾಗ ‘ಟಿಕ್’ ಎಂದರೆ ಗುಂಡಿಯ ಕಡೆ ಸರಿಯಿದೆ. ರಿಲೇಯ ಪಾಯಿಂಟು, ಮುಂದಿನ ವಯರು ಮತ್ತು ಅರ್ತ್ ನೋಡಿ. ‘ಟಿಕ್’ ಎನ್ನದಿದ್ದರೆ ಗುಂಡಿ, ಅದರ ವಯರು ಅಥವಾ ರಿಲೇಯ ಸುರುಳಿಯನ್ನು ಶಂಕಿಸಿ.

ಸದ್ದು ಕ್ಷೀಣವಾಗಿದ್ದರೆ

ಎಂಜಿನ್ ಓಡುವಾಗ ಜೋರಾಗಿ, ನಿಂತಾಗ ಮೆಲ್ಲಗೆ ಕೂಗಿದರೆ ಬ್ಯಾಟರಿ ದುರ್ಬಲವಾಗಿರಬಹುದು. ಎರಡೂ ಸಂದರ್ಭದಲ್ಲಿ ಮೆಲ್ಲಗಿದ್ದರೆ ತುಕ್ಕು ಹಿಡಿದ ಜೋಡಣೆಯನ್ನು ಹುಡುಕಿ. ಒಂದು ಸ್ಥೂಲ ಲೆಕ್ಕ ನೋಡಿ. 12 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುವ ಹಾರನ್ನಿನ ರೋಧ 3 ಓಮ್. ತುಕ್ಕಿನಿಂದ ಇನ್ನೊಂದು ಓಮ್ ಸೇರಿದರೆ ಒಟ್ಟು 4 ಓಮ್. ಪ್ರವಾಹ 3 ಆಂಪಿಯರಿಗೆ ಇಳಿಯುತ್ತದೆ. ಆಗ ಹಾರನ್ನಿಗೆ ಸಿಗುವುದು 9 ವೋಲ್ಟ್ ಮಾತ್ರ. ಉಳಿದ 3 ವೋಲ್ಟನ್ನು ತುಕ್ಕು ನುಂಗುತ್ತದೆ. ಆದ್ದರಿಂದ ಮೀಟರಿನಿಂದ ಅಳೆಯುವಾಗ ಹಾರನ್ ಜೋಡಿಸಿ ಗುಂಡಿ ಒತ್ತಿಯೇ ಅಳೆಯಬೇಕು. ವಯರು ಕಳಚಿ ಅಳೆದರೆ ಪ್ರವಾಹ ಹರಿಯದ ಕಾರಣ ಮೀಟರು 12 ವೋಲ್ಟನ್ನೇ ತೋರಿಸಿ ನಮ್ಮನ್ನು ದಾರಿ ತಪ್ಪಿಸುತ್ತದೆ. ದೋಷ ಸಿಕ್ಕಲ್ಲಿ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಜೋಡಿಸಿದರೆ ಸಾಕು.

ವೋಲ್ಟೇಜು ಸರಿಯಿದ್ದೂ ಸದ್ದು ಕರ್ಕಶವಾಗಿದ್ದರೆ ಪಾಯಿಂಟುಗಳ ಹೊಂದಿಕೆ ತಪ್ಪಿರಬಹುದು. ಕೆಲವು ಹಾರನ್ನುಗಳ ಹಿಂಬದಿಯಲ್ಲಿ ಇದಕ್ಕಾಗಿ ಒಂದು ಸ್ಕ್ರೂ ಇರುತ್ತದೆ. ಅದರ ಮೂಲ ಸ್ಥಾನಕ್ಕೆ ಗುರುತು ಹಾಕಿಕೊಂಡು, ಒಂದು ಬಾರಿಗೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕ್ಷಣಕಾಲ ಒತ್ತಿ ಕೇಳಿ. ಮಳೆಗಾಲದಲ್ಲಿ ಒಳಗೆ ನೀರು, ಕೆಸರು ಸೇರಿದರೂ ಸದ್ದು ಕೆಡುತ್ತದೆ. ಹಾರನ್ನಿನ ಬಾಯಿ ಕೆಳಮುಖವಾಗಿರಲಿ.

ನಿಲ್ಲದೆ ಕೂಗಿದರೆ

ಫ್ಯೂಸನ್ನು ಅಥವಾ ರಿಲೇಯನ್ನು ಕಿತ್ತು ಸದ್ದು ನಿಲ್ಲಿಸಿ. ಗುಂಡಿ ಅಂಟಿಕೊಂಡಿರಬಹುದು, ಗುಂಡಿಯ ವಯರು ಸವೆದು ಲೋಹಕ್ಕೆ ತಾಗಿರಬಹುದು, ಇಲ್ಲವೇ ರಿಲೇಯ ಪಾಯಿಂಟುಗಳು ಬೆಸೆದುಕೊಂಡಿರಬಹುದು. ಗುಂಡಿಯ ವಯರನ್ನು ಬೇರ್ಪಡಿಸಿದ ಮೇಲೂ ಕೂಗಿದರೆ ರಿಲೇ ಬದಲಿಸಿ.

ಎಚ್ಚರಿಕೆಯ ಮಾತು

ವಯರು ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿ. ಪರೀಕ್ಷೆಯ ಹೊತ್ತಿಗೆ ಮಾತ್ರ ಜೋಡಿಸಿ. ಬ್ಯಾಟರಿಯಿಂದ ಜಲಜನಕ ಅನಿಲ ಹೊರಡಬಹುದಾದ್ದರಿಂದ ಹತ್ತಿರ ಕಿಡಿ ಹಾರಿಸಬೇಡಿ. ಏರ್‌ಬ್ಯಾಗ್ ಇರುವ ಕಾರಿನ ಸ್ಟಿಯರಿಂಗ್ ಚಕ್ರವನ್ನು ನೀವಾಗಿ ಬಿಚ್ಚಲೇಬೇಡಿ. ಏರ್‌ಬ್ಯಾಗ್ ಹಠಾತ್ತನೆ ಸಿಡಿದರೆ ತೀವ್ರ ಗಾಯವಾದೀತು. ಆ ಕೆಲಸ ತರಬೇತಿ ಪಡೆದವರದು.

ಕೊನೆಯದಾಗಿ, ದುರಸ್ತಿಯಾದ ಹಾರನ್ನನ್ನು ಮಿತವಾಗಿ ಬಳಸಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್‌ವರೆಗೆ ನಿಶ್ಶಬ್ದ ವಲಯಕ್ಕೆ ಅವಕಾಶ ಕಲ್ಪಿಸಿವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಅನಗತ್ಯವಾಗಿ ಹಾರನ್ ಮಾಡುವವರಿಗೆ ದಂಡ ವಿಧಿಸುತ್ತದೆ. ಬೇಕಾದಾಗ ತಪ್ಪದೆ ಕೂಗುವ, ಬೇಡದಾಗ ಸುಮ್ಮನಿರುವ ಹಾರನ್ನೇ ಒಳ್ಳೆಯ ಹಾರನ್.