ಒಂದು, ಐದು, ಮೂರು, ಆರು, ಎರಡು, ನಾಲ್ಕು

ಹೊಸೂರು ರಸ್ತೆಯಲ್ಲಿ ಹಳೆಯ ಲಾರಿಗಳ ಸದ್ದು ಕಡಿಮೆಯಾಗುತ್ತಿದೆ. ಆ ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ಬೊಮ್ಮನಹಳ್ಳಿಯಲ್ಲಿ ಭಾನುವಾರದ ಬೆಳಗು. ತಲೆಯ ಮೇಲೆ 2010ರಲ್ಲಿ ತೆರೆದ ಎಲಿವೇಟೆಡ್ ರಸ್ತೆ. ಪಕ್ಕದಲ್ಲಿ 2025ರ ಆಗಸ್ಟ್‌ನಲ್ಲಿ ಓಡಾಟ ಶುರುವಾದ ಹಳದಿ ಮಾರ್ಗದ ಮೆಟ್ರೊ. ಇವುಗಳ ನೆರಳಿನಲ್ಲಿ, ಸರ್ವಿಸ್ ರಸ್ತೆಯ ಟೀ ಅಂಗಡಿಯ ಮುಂದೆ ನನ್ನ ಸೋದರಮಾವ ಮತ್ತು ಅವರ ಹಳೆಯ ಜೊತೆಗಾರರು ಸೇರುತ್ತಾರೆ. ಲಾರಿ ಓಡಿಸಿ, ಲಾರಿ ರಿಪೇರಿ ಮಾಡಿ ಮನೆ ನಡೆಸಿದವರು. ಮಾತು ಬಿ.ಪಿ., ಶುಗರ್, ಮೊಮ್ಮಕ್ಕಳ ಶಾಲೆಯಿಂದ ಶುರುವಾಗುತ್ತದೆ. ಎರಡನೇ ಟೀ ಬರುವಷ್ಟರಲ್ಲಿ ಎಂಜಿನ್ನಿಗೆ ಬಂದಿರುತ್ತದೆ.

ಒಂದು, ಐದು, ಮೂರು, ಆರು, ಎರಡು, ನಾಲ್ಕು. ಆರು ಸಿಲಿಂಡರಿನ ಲಾರಿ ಎಂಜಿನ್ನಿನಲ್ಲಿ ಡೀಸೆಲ್ ಉರಿಯುವ ಕ್ರಮ ಇದು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಇದನ್ನು ಮಗ್ಗಿಯ ಹಾಗೆ ಕಲಿತು ಸ್ಪ್ಯಾನರ್ ಹಿಡಿದರು.

ಎರಡು ಬಣ

ಈ ಗೆಳೆಯರಲ್ಲಿ ಎರಡು ಬಣ. ಒಂದು ಟಾಟಾ, ಇನ್ನೊಂದು ಲೇಲ್ಯಾಂಡ್. 1954ರಲ್ಲಿ ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿದ್ದ ಬೆಂಜ್ ನಕ್ಷತ್ರ ಹೋಯಿತು. ಹಳಬರ ಬಾಯಲ್ಲಿ ಮಾತ್ರ ಅದು ‘ಟಾಟಾ ಬೆಂಜ್’ ಆಗಿಯೇ ಉಳಿಯಿತು. ಅದರ ಅಂಕಿಗಳನ್ನು ಅವರು ಜಾತಕದಂತೆ ಓದುತ್ತಾರೆ: 1613 ಎಂದರೆ ಲೋಡ್ ಸೇರಿ 16 ಟನ್, 130 ಅಶ್ವಶಕ್ತಿ, 697 ಎಂಜಿನ್ ಎಂದರೆ ಆರು ಸಿಲಿಂಡರ್, ಒಂದೊಂದರ ಬೋರ್ 97 ಮಿಲಿಮೀಟರ್.

ಲೇಲ್ಯಾಂಡ್ ಬಣದವರಿಗೆ ಈ ರಸ್ತೆಯೇ ಹೆಮ್ಮೆ. 1948ರಲ್ಲಿ ಮದರಾಸಿನಲ್ಲಿ ಅಶೋಕ್ ಮೋಟಾರ್ಸ್ ಆಗಿ ಹುಟ್ಟಿದ ಕಂಪನಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. 1980ರಲ್ಲಿ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿಂದ ಬಾಡಿ ಕಟ್ಟದ ಬೋಳು ಚಾಸಿಗಳು ಇದೇ ರಸ್ತೆಯಲ್ಲಿ ಬರುತ್ತಿದ್ದವು. ಬಾಗಿಲಿಲ್ಲ, ಚಾವಣಿಯಿಲ್ಲ. ತಲೆಗೆ ಟವೆಲ್ ಸುತ್ತಿದ ಡ್ರೈವರ್ ಗಾಳಿ ಧೂಳಿಗೆ ಮುಖ ಕೊಟ್ಟು ಕೂತಿರುತ್ತಿದ್ದ.

ಆಡುಗೋಡಿಯ ಪಂಪು

ಎರಡೂ ಬಣದವರು ಒಂದಾಗುವುದು ಒಂದೇ ಹೆಸರಿಗೆ: ಮೈಕೋ. 1951ರಲ್ಲಿ ಸ್ಥಾಪನೆಯಾಗಿ, ಇದೇ ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಜರ್ಮನಿಯಲ್ಲಿ ಬಾಷ್ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಡೀಸೆಲ್ ಪಂಪು ನಮ್ಮ ದೇಶದ ಲಾರಿಗಳಿಗೆ ಬಂದದ್ದು ಹೆಚ್ಚಾಗಿ ಬೆಂಗಳೂರಿನ ಕಾರ್ಮಿಕರ ಕೈಯಿಂದ. ಒಂದೊಂದು ಸಿಲಿಂಡರಿಗೂ ಒಂದೊಂದು ಪ್ಲಂಜರ್. ಅದು ತನ್ನ ಬ್ಯಾರೆಲ್ಲಿನೊಂದಿಗೆ ಎಷ್ಟು ನುಣುಪಾಗಿ ಉಜ್ಜಿ ಹೊಂದಿಸಿದ ಜೋಡಿಯೆಂದರೆ, ಒಂದು ಜೋಡಿಯದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಪಂಪು ಕಳಿಸಿದ ಡೀಸೆಲ್ ನೋಝಲ್‌ನಲ್ಲಿ ಸರಿಯಾಗಿ ಸಿಡಿಯದಿದ್ದರೆ? ಹಿಂದೊಮ್ಮೆ ಇಲ್ಲಿಯ ಶೆಡ್ಡೊಂದರಲ್ಲಿ ಅದನ್ನು ಪತ್ತೆ ಮಾಡುವುದನ್ನು ಹತ್ತಿರದಿಂದ ನೋಡಿದೆ. ಎಂಜಿನ್ ಓಡುತ್ತಲೇ ಇತ್ತು, ಆದರೆ ಕುಂಟುತ್ತಿತ್ತು. ಮೇಸ್ತ್ರಿ ಮೊದಲ ನೋಝಲ್ಲಿನ ಪೈಪಿನ ನಟ್ಟನ್ನು ತುಸು ಸಡಿಲಿಸಿದರು. ಡೀಸೆಲ್ ಚಿಮ್ಮಿ ಎಂಜಿನ್ ಇನ್ನಷ್ಟು ತಡವರಿಸಿತು. ಬಿಗಿ ಮಾಡಿ ಎರಡನೆಯದಕ್ಕೆ ಹೋದರು. ಮತ್ತೆ ಹಾಗೇ. ಮೂರೂ ಹಾಗೇ. ನಾಲ್ಕನೆಯದನ್ನು ಸಡಿಲಿಸಿದಾಗ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಅವರು ಆ ಪೈಪಿನ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು. ದುಡಿಯದ ಸಿಲಿಂಡರಿಗೆ ಡೀಸೆಲ್ ನಿಲ್ಲಿಸಿದರೇನು, ಬಿಟ್ಟರೇನು? ರೋಗ ಅಲ್ಲೇ ಇತ್ತು. ಆ ಇಡೀ ಪರೀಕ್ಷೆಗೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ಪಳಗಿದ ಕಿವಿ.

2020ರ ಏಪ್ರಿಲ್‌ನಿಂದ ಬಿ.ಎಸ್. 6 ಮಾಲಿನ್ಯ ನಿಯಮದ ಎಂಜಿನ್ನುಗಳ ಕಾಲ. ಡೀಸೆಲ್ಲಿನ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ತೊಂದರೆಯನ್ನು ಸ್ಕ್ಯಾನರ್ ಹೇಳುತ್ತದೆ. ಹೊಗೆ ಕಡಿಮೆಯಾಗಿದೆ, ಆಗಲೇಬೇಕಿತ್ತು. ಹಳೆಯ ಲಾರಿಯ ಕರಿಹೊಗೆಯನ್ನು ಮಕ್ಕಳು ಉಸಿರಾಡಲಿ ಎಂದು ಈ ಗೆಳೆಯರಲ್ಲಿ ಯಾರೂ ಬಯಸುವುದಿಲ್ಲ. ಅವರ ಸಂಕಟ, ಕೈಯಲ್ಲಿದ್ದ ವಿದ್ಯೆಯನ್ನು ಕೇಳುವವರೇ ಇಲ್ಲವಲ್ಲ ಎಂಬುದು.

ಹೊತ್ತು ತಂದವರು

ನೆನಪುಗಳಲ್ಲಿ ಹೆಚ್ಚು ಬರುವುದು ಶಿರಾಡಿ ಘಾಟಿ. ಮಂಗಳೂರಿನಿಂದ ತುಂಬಿದ ಲೋಡು, ಮಳೆಗಾಲದ ರಾತ್ರಿ, ಪವರ್ ಸ್ಟೇರಿಂಗ್ ಇಲ್ಲದ ಗಾಡಿ. ಗುಂಡ್ಯ ದಾಟಿ ಸಕಲೇಶಪುರದ ಕಡೆ ಏರು ಶುರುವಾದರೆ ಗೇರು ಇಳಿಸುವುದೇ ಒಂದು ವಿದ್ಯೆ. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಟ್ಟು ಎಕ್ಸಿಲರೇಟರ್ ಒತ್ತಿ ಎಂಜಿನ್ ವೇಗ ಹೊಂದಿಸಬೇಕು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕಬೇಕು. ತಪ್ಪಿದರೆ ಗೇರು ಕೂರದು, ಗಾಡಿ ಹಿಂದಕ್ಕೆ ಜಾರುತ್ತದೆ. ಆಗ ಕ್ಲೀನರ್ ಹುಡುಗ ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಒತ್ತಾಗಿಡಬೇಕು. ಮಾವ ಹದಿನಾರನೇ ವಯಸ್ಸಿಗೆ ಆ ದಿಮ್ಮಿ ಹಿಡಿದವರು.

1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ ಉದ್ಯಮ ವಿ.ಆರ್.ಎಲ್. ಆಗಿ ಬೆಳೆದದ್ದು ಎಲ್ಲರಿಗೂ ಗೊತ್ತು. ಒಂದೇ ಲಾರಿಯಿಂದ ಶುರುವಾಗಿ ಒಂದೇ ಲಾರಿಯಲ್ಲಿ ಉಳಿದವರ ಕಥೆಯನ್ನು ಯಾರೂ ಬರೆದಿಟ್ಟಿಲ್ಲ. 1978ರಲ್ಲಿ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಎಲೆಕ್ಟ್ರಾನಿಕ್ ಸಿಟಿ ಮೊಳೆಯಿತು. ಅಲ್ಲಿ ಎದ್ದ ಕಟ್ಟಡಗಳಿಗೆ ಸಿಮೆಂಟು, ಕಬ್ಬಿಣ, ಜಲ್ಲಿ ನಡೆದು ಬರಲಿಲ್ಲ. ಜಿಗಣಿಯ ಗ್ರಾನೈಟ್ ಬಂಡೆಗಳನ್ನೂ ಲಾರಿಗಳೇ ಹೊತ್ತವು.

ಲಾರಿಗೆ ಇಲ್ಲದ ಮರ್ಯಾದೆ

ಹಳೆಯ ಕಾರುಗಳನ್ನು ನಾವು ಪ್ರೀತಿಯಿಂದ ಉಳಿಸಿಕೊಂಡಿದ್ದೇವೆ. ಧರ್ಮಸ್ಥಳದ ಸಂಗ್ರಹಾಲಯ ನೋಡಿದರೆ ಸಾಕು. 2021ರ ಜುಲೈನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳು 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆಯನ್ನೂ ಕೊಟ್ಟವು. ಆದರೆ ಆ ವ್ಯಾಖ್ಯೆಯೊಳಗೆ ಬರುವುದು ದ್ವಿಚಕ್ರ ವಾಹನ ಮತ್ತು ಕಾರು. ಸರಕಿನ ಲಾರಿಗೆ ಅಲ್ಲಿ ಜಾಗವಿಲ್ಲ. ಕಾರು ಮನೆಯ ಪ್ರತಿಷ್ಠೆಯಾಗಿತ್ತು, ಶೆಡ್ಡಿನಲ್ಲಿ ಉಳಿಯಿತು. ಲಾರಿ ಅನ್ನದ ದಾರಿಯಾಗಿತ್ತು; ದುಡಿಮೆ ನಿಂತ ದಿನವೇ ಗುಜರಿಗೆ ಹೋಯಿತು.

ಇದು ಬದಲಾಗಬೇಕು. ವಿಂಟೇಜ್ ನಿಯಮದಲ್ಲಿ ಲಾರಿಯೂ ಸೇರಬೇಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲಿ ಎಂಜಿನ್ನುಗಳಿಗೆಂದೇ ಒಂದು ಹಾಲ್ ಇದೆ. ವಾರಕ್ಕೊಮ್ಮೆ ನಿವೃತ್ತ ಮೇಸ್ತ್ರಿಯೊಬ್ಬರು ಅಲ್ಲಿ ನಿಂತು ಲಾರಿಯ ಪಂಪು, ನೋಝಲ್ ಬಿಚ್ಚಿ ತೋರಿಸಿದರೆ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ.

ಅದಕ್ಕೂ ಮೊದಲು ನಮ್ಮಿಂದ ಆಗುವ ಕೆಲಸವೊಂದಿದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಳೆಯ ಲಾರಿ ಡ್ರೈವರ್ ಇದ್ದರೆ, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಒಂದೇ ಒಂದು ಪ್ರಶ್ನೆ ಕೇಳಿ: ಶಿರಾಡಿ ಹತ್ತುವಾಗ ಯಾವ ಗೇರು ಹಾಕುತ್ತಿದ್ದಿರಿ? ಮಿಕ್ಕದ್ದನ್ನು ಅವರೇ ಹೇಳುತ್ತಾರೆ.