ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಉಪ್ಪುನೀರಿನ ಅಕ್ವೇರಿಯಂ ಮನೆಗೆ ಬಂತೆಂದರೆ ಎಲ್ಲರಿಗೂ ಮೀನು ಬಿಡುವ ಅವಸರ. ಗಾಜು ಫಳಫಳಿಸುತ್ತಿದೆ, ನೀರು ತಿಳಿಯಾಗಿದೆ, ಇನ್ನೇಕೆ ತಡ ಎನಿಸುತ್ತದೆ. ಆದರೆ ಆ ತಿಳಿನೀರಿನಲ್ಲಿ ಮೀನು ಬದುಕುವ ಏರ್ಪಾಡು ಇನ್ನೂ ಆಗಿರುವುದಿಲ್ಲ. ಮೀನಿನ ಕಿವಿರುಗಳಿಂದ ಸದಾ ಅಮೋನಿಯಾ ಹೊರಬೀಳುತ್ತದೆ. ಕಡಲಿನಲ್ಲಿ ಅದು ಕರಗಿ ಹೋಗುತ್ತದೆ, ನೂರು ಲೀಟರಿನ ತೊಟ್ಟಿಯಲ್ಲಿ ವಿಷವಾಗಿ ನಿಲ್ಲುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹವ್ಯಾಸಿಗಳು ಇದನ್ನು ‘ಸೈಕ್ಲಿಂಗ್’ ಎನ್ನುತ್ತಾರೆ.

ನೀರು, ಉಪ್ಪು, ಕಲ್ಲು

ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಬೋರ್‌ವೆಲ್ ನೀರಿನಲ್ಲಿ ಏನೆಲ್ಲ ಕರಗಿರುತ್ತದೋ ಹೇಳಲಾಗದು. ಆದ್ದರಿಂದ ಆರ್‌ಒ ನೀರೇ ಕ್ಷೇಮ. ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡಿರುವ ಅಕ್ವೇರಿಯಂ ಉಪ್ಪನ್ನೇ ಕೊಳ್ಳಬೇಕು. ಲೀಟರಿಗೆ 35ರಿಂದ 40 ಗ್ರಾಂ ಹಾಕಿ, ಪಂಪಿನಿಂದ ನೀರು ತಿರುಗಿಸಿ ಪೂರ್ತಿ ಕರಗಿಸಬೇಕು. ರಿಫ್ರ್ಯಾಕ್ಟೋಮೀಟರ್‌ನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನೀಲಿ–ಬಿಳಿ ಕೂಡುವ ಗೆರೆ ಕಾಣುತ್ತದೆ. ಉಪ್ಪಿನಂಶ ಹೇಳುವ ಆ ಗೆರೆ ಸಾಪೇಕ್ಷ ಸಾಂದ್ರತೆಯ ಅಳತೆಯಲ್ಲಿ 1.025ರ ಆಸುಪಾಸಿನಲ್ಲಿರಬೇಕು. ಮುಂದೆ ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಕಡಿಮೆಯಾದಷ್ಟು ಸಿಹಿನೀರನ್ನು ಮಾತ್ರ ತುಂಬಬೇಕು.

ಬ್ಯಾಕ್ಟೀರಿಯಾಗಳ ಮುಖ್ಯ ನೆಲೆ ಸಣ್ಣ ರಂಧ್ರಗಳುಳ್ಳ ಕಲ್ಲು. ಜಕಾರ್ತಾದ ಲೀ ಚಿನ್ ಎಂಗ್ ಕಡಲಿನ ಜೀವಂತ ಕಲ್ಲುಗಳನ್ನಿಟ್ಟು ಮೀನು ಸಾಕಿದ ಬಗೆಯನ್ನು 1961ರಲ್ಲಿ ಬರೆದ ಮೇಲೆ ‘ಲೈವ್ ರಾಕ್’ ಜಗತ್ತಿಗೆ ಪರಿಚಯವಾಯಿತು. ನಮ್ಮಲ್ಲಿ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ, ಬೇರೆ ದ್ವೀಪದಿಂದಾಗಲಿ ಹವಳದ ತುಂಡು ಎತ್ತಿಕೊಂಡು ಬರುವುದು ಅಪರಾಧ. ಸೆರಾಮಿಕ್ ಕಲ್ಲುಗಳೂ ಕಾಲಕ್ರಮದಲ್ಲಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ.

ಬಣ್ಣ ಹೇಳುವ ಲೆಕ್ಕ

ರಷ್ಯಾದ ಸೆರ್ಗೆಯ್ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟಂತೆ ಅಮೋನಿಯಾ ಅರಗಿಸುವುದು ಎರಡು ಹಂತದ ಕೆಲಸ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಹೆಚ್ಚು ಅಪಾಯಕಾರಿಯಲ್ಲ. ನೀರು ಬದಲಿಸಿದರೆ ತಗ್ಗುತ್ತದೆ.

ಈ ಜೀವಿಗಳಿಗೆ ಆಹಾರ ಬೇಕಲ್ಲ? ಅಕ್ವೇರಿಯಂಗೆಂದೇ ಸಿಗುವ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಅಮೋನಿಯಾ 2 ಪಿಪಿಎಂ ಆಗುವಷ್ಟು ಹಾಕಿದರೆ ಸಾಕು. ಟೆಸ್ಟ್ ಕಿಟ್‌ನ ಪುಟ್ಟ ಗಾಜಿನ ನಳಿಕೆಯಲ್ಲಿ ಹನಿ ಬೆರೆಸಿದಾಗ ನೀರು ಹಸಿರಾದರೆ ಅಮೋನಿಯಾ ಇದೆ, ಹಳದಿಯಾಗಿಯೇ ಉಳಿದರೆ ಇಲ್ಲ. ಕೆಲ ದಿನ ಕಳೆದರೆ ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಮತ್ತೆ 2 ಪಿಪಿಎಂ ಹಾಕಿ, 24 ಗಂಟೆಯೊಳಗೆ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ಈ ನಡುವೆ ಮರಳಿನ ಮೇಲೆ ಕಂದು ಪಾಚಿ ಹರಡಿದರೆ ಗಾಬರಿ ಬೇಡ. ಅದು ಡಯಾಟಮ್, ಬಹುತೇಕ ತಾನಾಗಿಯೇ ಹೋಗುತ್ತದೆ. ಗಮನವಿರಬೇಕಾದದ್ದು ಕರೆಂಟಿನ ಕಡೆಗೆ. ಪಂಪ್ ನಿಂತು ಆಮ್ಲಜನಕ ಕಡಿಮೆಯಾದರೆ ಬೆಳೆಸಿದ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಗಟ್ಟಿ ಜೀವವೆಂಬ ಕಾರಣಕ್ಕೆ ಡ್ಯಾಮ್ಸೆಲ್ ಮೀನುಗಳನ್ನು ಹೊಸ ತೊಟ್ಟಿಗೆ ಬಿಟ್ಟು, ಅವು ಅಮೋನಿಯಾದಲ್ಲಿ ನರಳುತ್ತಿರುವಾಗಲೇ ಸೈಕ್ಲಿಂಗ್ ಮುಗಿಸುವ ರೂಢಿ ಬಹುಕಾಲ ಇತ್ತು. ಬಾಟಲಿಯಲ್ಲಿ ಅಮೋನಿಯಾ ಸಿಗುವ ಈ ಕಾಲದಲ್ಲಿ ಅದಕ್ಕೆ ಸಮರ್ಥನೆಯೇ ಇಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದ್ದಾರೆ. ಅಂಥ ಸಾಕಣೆಯ ಮರಿಗಳನ್ನೇ ಕೇಳಿ ಕೊಳ್ಳಿ, ಒಂದು ಜೋಡಿಯಿಂದ ಆರಂಭಿಸಿ. ಆದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಅಂಗಡಿಯ ಕಡೆ ಹೋಗಲೇಬೇಡಿ.