ಸಂಖ್ಯೆಗಳ ಇಸಿಜಿ

ಶರಣಸಿರಸಗಿಯಿಂದ ಮಳಖೇಡ ದೂರವೇನಲ್ಲ. ರಾಷ್ಟ್ರಕೂಟರ ಕಾಲಕ್ಕೆ ಅದು ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಭಿನ್ನರಾಶಿ ಕೂಡಿಸುವಾಗ ನಾವು ತೆಗೆಯುವ ಲ.ಸಾ.ಅ.ಗೆ ಅವರು ಕೊಟ್ಟ ಹೆಸರು 'ನಿರುದ್ಧ'.

ಅದೇ ಅಪವರ್ತನ, ಅಪವರ್ತ್ಯಗಳ ಮೇಲೆ ನಿಂತ ಹೊಸ ಅನುಕ್ರಮವೊಂದು ಈಚೆಗೆ ನನ್ನ ತಲೆ ಹೊಕ್ಕಿದೆ. ಜೊನಾಥನ್ ಏರ್ಸ್ ಎಂಬುವರು ಕಟ್ಟಿದ್ದು. ಮೊದಲು 1, 2 ಬರೆಯಿರಿ. ಆಮೇಲೆ ಪ್ರತಿ ಸಲವೂ, ಹಿಂದಿನ ಸಂಖ್ಯೆಯೊಡನೆ 1 ಅಲ್ಲದ ಸಾಮಾನ್ಯ ಅಪವರ್ತನ ಇರುವ, ಇನ್ನೂ ಬಳಸದ ಅತಿ ಚಿಕ್ಕ ಸಂಖ್ಯೆಯನ್ನು ಬರೆಯಬೇಕು. 2ರ ನಂತರ 4, ಆಮೇಲೆ 6. ಅದರ ನಂತರ 8 ಅಲ್ಲ, 3. ಏಕೆಂದರೆ 3 ಇನ್ನೂ ಬಂದಿಲ್ಲ, 6ನ್ನು ಭಾಗಿಸುತ್ತದೆ.

1, 2, 4, 6, 3, 9, 12, 8, 10, 5, 15, 18, 14, 7, 21, 24, 16, 20, 22, 11, 33…

ಗ್ರಾಫ್ ಹಾಳೆಯಲ್ಲಿ ಬಿಂದು ಇಟ್ಟು ಗೆರೆ ಎಳೆದರೆ ಆಸ್ಪತ್ರೆಯ ಇಸಿಜಿಯಂತೆ ಏರಿಳಿಯುತ್ತದೆ. ಹೆಸರು ಬಂದದ್ದು ಅದರಿಂದಲೇ.

ಅವಿಭಾಜ್ಯಗಳನ್ನು ನೋಡಿ: 10, 5, 15, 14, 7, 21, 22, 11, 33. ಪ್ರತಿ ಬೆಸ ಅವಿಭಾಜ್ಯದ ಹಿಂದೆ ಅದರ ಎರಡರಷ್ಟು, ಮುಂದೆ ಮೂರರಷ್ಟು. ಲಗಾರಿಯಸ್, ರೇನ್ಸ್, ಸ್ಲೋನ್ 2002ರಲ್ಲಿ ಇದನ್ನು ಊಹಿಸಿದರು. ಹಾಫ್‌ಮನ್, ಪಿಲಿಪ್‌ಚುಕ್ 2008ರಲ್ಲಿ ಸಾಧಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಬೇರೆ ಪ್ರಶ್ನೆ: ಯಾವುದಾದರೂ ಸಂಖ್ಯೆ ಶಾಶ್ವತವಾಗಿ ಹೊರಗೇ ಉಳಿಯುತ್ತದೆಯೇ? ಒಂದು ಅವಿಭಾಜ್ಯದ, ಉದಾಹರಣೆಗೆ 7ರ, ಅಪವರ್ತ್ಯಗಳು ಕೊನೆಯಿಲ್ಲದಷ್ಟು ಸಲ ಬರುತ್ತವೆ ಎನ್ನಿ. ಹಾಗಿದ್ದೂ 70 ಹೊರಗೆ ಉಳಿದಿದೆ ಎನ್ನಿ. 7ರ ಅಪವರ್ತ್ಯ ಬಂದಾಗಲೆಲ್ಲ 70ಕ್ಕೂ ಅರ್ಹತೆ ಇರುತ್ತದೆ. ಅದನ್ನು ಹಿಂದೆ ಹಾಕಬಲ್ಲವು 70ಕ್ಕಿಂತ ಚಿಕ್ಕವು ಮಾತ್ರ. ಚಿಕ್ಕವು ಇರುವುದೇ 69! ಅವು ಮುಗಿದ ಮೇಲೆ 70 ಬರಲೇಬೇಕು. ಹೀಗೆ 7ರ ಎಲ್ಲ ಅಪವರ್ತ್ಯಗಳೂ ಬರುತ್ತವೆ. ಅವುಗಳಲ್ಲಿ 14, 28, 42 ಹೀಗೆ ಸಮಸಂಖ್ಯೆಗಳಿಗೆ ಕೊನೆಯಿಲ್ಲ; ಅದೇ ತರ್ಕದಿಂದ ಎಲ್ಲ ಸಮಸಂಖ್ಯೆಗಳೂ ಬಂದವು. ಸಮಸಂಖ್ಯೆಗಳಲ್ಲಿ ಪ್ರತಿ ಅವಿಭಾಜ್ಯದ ಅಪವರ್ತ್ಯಗಳೂ ಕೊನೆಯಿಲ್ಲದಷ್ಟಿವೆ. ಹಾಗಾಗಿ ಯಾರೂ ಹೊರಗಿಲ್ಲ. ಅಂಥ ಒಂದು ಅವಿಭಾಜ್ಯ ಇದ್ದೇ ಇದೆ ಎಂಬ ಮೊದಲ ಮೆಟ್ಟಿಲು ಮಾತ್ರ ತುಸು ಉದ್ದ. ಅದೂ 2002ರ ಲೇಖನದಲ್ಲೇ ಸಾಧಿತವಾಗಿದೆ.

33ರ ಮುಂದೆ ನೀವೇ ಬರೆಯಿರಿ. 13 ಬರುವುದು 28ನೇ ಸ್ಥಾನದಲ್ಲಿ. ನಡುವೆ 30 ಆದ ಮೇಲೆ 26 ಎಂದು ಕೈ ಓಡುತ್ತದೆ. ತಡೆಯಿರಿ, 25 ಇನ್ನೂ ಕಾಯುತ್ತಿದೆ.